ಆಲೇಖ ಬರೆಯುವುದು ಮತ್ತು ಓದುವುದು

ಹತ್ತನೆಯ ತರಗತಿಯ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯವು ಬರುವ ಹೊತ್ತಿಗೆ ಮಕ್ಕಳಿಗೂ ಮೇಷ್ಟ್ರಿಗೂ ಪರೀಕ್ಷೆಯ ಬಿಸಿ ತಟ್ಟಿರುತ್ತದೆ. ಆದ್ದರಿಂದ ಆ ಅಧ್ಯಾಯದ ಆಲೇಖಗಳಿಗೆ ನಮ್ಮ ಶಾಲೆಗಳಲ್ಲಿ ಒಂದು ವಿಚಿತ್ರವಾದ ಗತಿ ಒದಗಿದೆ. ಪಟ್ಟಿಯನ್ನು ಪುಸ್ತಕವೇ ಕೊಡುತ್ತದೆ. ವರ್ಗಾಂತರಗಳನ್ನೂ ಪುಸ್ತಕವೇ ನಿಗದಿಪಡಿಸಿರುತ್ತದೆ. ಎಕ್ಸ್ ಅಕ್ಷಕ್ಕೆ ಇಷ್ಟು, ವೈ ಅಕ್ಷಕ್ಕೆ ಇಷ್ಟು ಎಂಬ ಪ್ರಮಾಣವನ್ನು ಮೇಷ್ಟ್ರು ಕಪ್ಪುಹಲಗೆಯ ಬಲಮೂಲೆಯಲ್ಲಿ ಬರೆದುಬಿಡುತ್ತಾರೆ. ಹುಡುಗನಿಗೆ ಉಳಿಯುವುದು ಚುಕ್ಕಿ ಇಟ್ಟು ಗೆರೆ ಎಳೆಯುವ ಕೆಲಸ ಮಾತ್ರ. ಅದನ್ನು ಅವನು ಅಚ್ಚುಕಟ್ಟಾಗಿಯೇ ಮಾಡುತ್ತಾನೆ. ಆದರೆ ಆ ಗೆರೆ ಏನು ಹೇಳುತ್ತಿದೆ ಎಂದು ಅವನನ್ನು ಕೇಳುವವರಿಲ್ಲ. ಯಾರೋ ಐವತ್ತು ಮಂದಿ ಕಾರ್ಮಿಕರ ದಿನಗೂಲಿಯನ್ನು ಚಿತ್ರಿಸಿ, ಹಾಳೆಯನ್ನು ಉತ್ತರಪತ್ರಿಕೆಗೆ ದಾರದಿಂದ ಕಟ್ಟಿ, ಅವರನ್ನು ಅಲ್ಲಿಯೇ ಮರೆತು ಹೊರಬರುತ್ತಾನೆ.

ಇದನ್ನು ಹಗುರವಾಗಿ ಗೇಲಿಮಾಡುವ ಮನಸ್ಸು ನನಗಿಲ್ಲ. ಪ್ರಮೇಯದ ಸಾಧನೆ ಬಾರದ, ತ್ರಿಕೋನಮಿತಿಯ ಹೆಸರು ಕೇಳಿದರೆ ಮುಖ ಸಣ್ಣದಾಗುವ ಎಷ್ಟೋ ಮಕ್ಕಳನ್ನು ದಡ ಸೇರಿಸಿದ್ದು ಈ ಆಲೇಖಗಳೇ. ‘ಪಾಸಿಂಗ್ ಪ್ಯಾಕೇಜ್’ ಎಂದು ನಾವು ಕರೆಯುತ್ತಿದ್ದ ಪ್ರಶ್ನೆಗಳ ಪಟ್ಟಿಯಲ್ಲಿ ಓಜೀವ್ ರೇಖೆಗೆ ಖಾಯಂ ಸ್ಥಾನವಿತ್ತು. ಮೂರು ಅಂಕ, ಅದೂ ಖಚಿತವಾದ ಮೂರು ಅಂಕ. ಅರಕಲಗೂಡಿನ ಕಡೆಯ ಹಳ್ಳಿಯಿಂದ ಏಳು ಮೈಲಿ ಸೈಕಲ್ ತುಳಿದು ಬರುವ ಹುಡುಗನಿಗೆ ಆ ಮೂರು ಅಂಕದ ಬೆಲೆ ಏನೆಂಬುದು ಹಳ್ಳಿಯಲ್ಲಿ ಪಾಠ ಹೇಳಿದವರಿಗೆ ಗೊತ್ತು. ಅಂಕ ಕೊಡುವುದು ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಗೆರೆ ಎಳೆದುದಕ್ಕೆ ಕೊಡುವ ಅಂಕದಲ್ಲಿ ಒಂದು ಪಾಲನ್ನಾದರೂ ಗೆರೆ ಓದಿದುದಕ್ಕೆ ಕೊಡಬೇಕು ಎಂಬುದಷ್ಟೇ ನನ್ನ ವಾದ.

ಓದುವುದೆಂದರೇನು ಎಂಬುದನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ಅರಕಲಗೂಡು ತಾಲ್ಲೂಕಿನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯವರಿಗೆ, ಮನೆಯಲ್ಲಿ ಅಂಕಿಗಳಿರುವ ಯಾವುದಾದರೂ ಕಾಗದ ತನ್ನಿ ಎಂದು ಹೇಳಿದ್ದೆ. ಹೆಚ್ಚಿನವರು ಕರೆಂಟು ಬಿಲ್ಲು ತಂದರು. ಆಕೆ ಹಾಲಿನ ಡೇರಿಯ ಪುಸ್ತಕ ತಂದಳು. ಅದರಲ್ಲಿ ದಿನಕ್ಕೆ ಎರಡು ಹೊತ್ತಿನ ಲೀಟರು, ಕೊಬ್ಬಿನಂಶ, ದುಡ್ಡು ಎಲ್ಲವೂ ಇದ್ದವು. ಒಂದು ತಿಂಗಳ ಲೀಟರನ್ನು ರೇಖಾನಕ್ಷೆಯಾಗಿ ಹಲಗೆಯ ಮೇಲೆ ಬರೆಸಿದೆ. ನಡುವೆ ನಾಲ್ಕು ದಿನ ಗೆರೆ ಅರ್ಧಕ್ಕೆ ಕುಸಿದು ಮತ್ತೆ ಮೇಲೆದ್ದಿತ್ತು. ಏಕೆ ಎಂದು ಕೇಳಿದೆ. ಹಸುವಿಗೆ ಜ್ವರ ಎಂದ ಒಬ್ಬ. ಹಸಿ ಮೇವು ಸಿಕ್ಕಿಲ್ಲ ಎಂದ ಇನ್ನೊಬ್ಬ. ಮಳೆಗೆ ನೆನೆದಿರಬೇಕು ಎಂದಳು ಮತ್ತೊಬ್ಬಳು. ಪುಸ್ತಕ ತಂದವಳು ನಗುತ್ತಾ, “ಹಸುವಿಗೆ ಏನೂ ಆಗಿಲ್ಲ ಸಾರ್. ನಮ್ಮತ್ತೆ ಮದುವೆ ಇತ್ತು, ಹಾಲು ಮನೆಗೇ ಇಟ್ಕೊಂಡ್ವಿ” ಎಂದಳು.

ಸಂಖ್ಯಾಶಾಸ್ತ್ರದ ದೊಡ್ಡ ಪಾಠವೊಂದು ಆ ಮಾತಿನಲ್ಲಿತ್ತು. ಏನೋ ನಡೆದಿದೆ ಎಂಬುದನ್ನು ಆಲೇಖ ತೋರಿಸುತ್ತದೆ, ಏಕೆ ನಡೆಯಿತೆಂಬುದನ್ನು ತೋರಿಸುವುದಿಲ್ಲ. ಜೊತೆಗೆ, ನಾವು ಬರೆದದ್ದು ಹಸು ಕೊಟ್ಟ ಹಾಲಿನ ನಕ್ಷೆಯೇ ಅಲ್ಲ, ಡೇರಿಗೆ ಹಾಕಿದ ಹಾಲಿನ ನಕ್ಷೆ ಎಂಬುದೂ ಮಕ್ಕಳಿಗೆ ಹೊಳೆಯಿತು. ಅಳೆದದ್ದು ಏನನ್ನು ಎಂಬ ಪ್ರಶ್ನೆ ಅವರ ಬಾಯಿಂದಲೇ ಬಂದಿತು. ಪುಸ್ತಕದ ಐವತ್ತು ಕಾರ್ಮಿಕರ ಪಟ್ಟಿಯಿಂದ ಇದು ಬರುವುದಿಲ್ಲ. ಆ ಕಾರ್ಮಿಕರಿಗೆ ಅತ್ತೆಯೂ ಇಲ್ಲ, ಮದುವೆಯೂ ಇಲ್ಲ.

ಇನ್ನು ಅಕ್ಷದ ಮಾತು. ಹೊಳೆನರಸೀಪುರದವರು ಹೇಮಾವತಿಯ ದಡದ ಜನ. ಮುಂಗಾರು ಹಿಡಿದರೆ ಗೊರೂರಿನ ಜಲಾಶಯದ ಮಟ್ಟವೆಷ್ಟು ಎಂಬುದು ಅಲ್ಲಿ ಹೋಟೆಲಿನಲ್ಲೂ ಬಸ್ಸಿನಲ್ಲೂ ನಡೆಯುವ ಮಾತು. ಪತ್ರಿಕೆಗಳು ದಿನವೂ ಅಂಕಿಗಳನ್ನು ಕೊಡುತ್ತವೆ: ಗರಿಷ್ಠ ಮಟ್ಟ 2922 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್. ಆಲೇಖ ಕಲಿಸಲು ಇದಕ್ಕಿಂತ ಒಳ್ಳೆಯ ದತ್ತಾಂಶ ನಮ್ಮ ಜಿಲ್ಲೆಯಲ್ಲಿಲ್ಲ. ಆದರೆ ಮಕ್ಕಳನ್ನು ಗ್ರಾಫ್ ಹಾಳೆಯ ಮುಂದೆ ಕೂರಿಸಿದೊಡನೆ ತೊಡಕು ಎದುರಾಗುತ್ತದೆ. ಮೂಲಬಿಂದುವಿನಲ್ಲಿ ಸೊನ್ನೆ ಇಟ್ಟು, 1 ಸೆಂ.ಮೀ.ಗೆ 200 ಅಡಿ ಎಂದು ಪ್ರಮಾಣ ಹಿಡಿದರೆ 2922 ಅಡಿಗೆ ಹದಿನಾಲ್ಕೂವರೆ ಸೆಂಟಿಮೀಟರು ಬೇಕು. ಹಾಳೆಯಲ್ಲಿ ಹಿಡಿಸುತ್ತದೆ, ಸರಿ. ಆದರೆ ಮಳೆಗಾಲದಲ್ಲಿ ನೀರು 60 ಅಡಿ ಏರಿದರೂ ನಕ್ಷೆಯಲ್ಲಿ ಗೆರೆ ಏರುವುದು ಮೂರೇ ಮಿಲಿಮೀಟರು! ನದಿಯೇ ಉಕ್ಕಿ ಬಂದರೂ ಹಾಳೆಯ ಮೇಲೆ ಒಂದು ಸಪ್ಪೆ ಗೆರೆ. ಅದೇ ಅಕ್ಷವನ್ನು 2860ರಿಂದ ಆರಂಭಿಸಿ 1 ಸೆಂ.ಮೀ.ಗೆ 5 ಅಡಿ ಇಟ್ಟರೆ, ಆ 60 ಅಡಿಯು ಹನ್ನೆರಡು ಸೆಂಟಿಮೀಟರಾಗಿ ಎದ್ದು ನಿಲ್ಲುತ್ತದೆ. ಮೂಲಬಿಂದುವಿನ ಬಳಿ ಅಕ್ಷದ ಮೇಲೆ ಹಾಕುವ ಆ ಪುಟ್ಟ ಅಂಕುಡೊಂಕು ಗುರುತನ್ನು ಮಕ್ಕಳು ಅಲಂಕಾರವೆಂದು ತಿಳಿದಿರುತ್ತಾರೆ. ಅದರ ಅರ್ಥ ತಿಳಿಯುವುದು ಇಂತಹ ಕಡೆಯಲ್ಲಿ.

ಇಷ್ಟಕ್ಕೂ ಆ 2922 ಅಡಿ ಯಾವುದರ ಎತ್ತರ? ನೀರಿನ ಆಳವೇ? ಅಲ್ಲ, ಸಮುದ್ರಮಟ್ಟದಿಂದ ನೀರಿನ ಮೇಲ್ಮೈಗಿರುವ ಎತ್ತರ. ಹಾರಂಗಿಯ 2859, ಕಬಿನಿಯ 2284 ಅಡಿಗಳೂ ಹಾಗೆಯೇ. ಅದೇ ಪತ್ರಿಕೆಯ ಅದೇ ಅಂಕಣದಲ್ಲಿ ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂದಿರುತ್ತದೆ. ನಾಲ್ಕನ್ನೂ ಒಂದೇ ಸ್ತಂಭನಕ್ಷೆಯಲ್ಲಿ ನಿಲ್ಲಿಸಿದರೆ ಕನ್ನಂಬಾಡಿ ಕಟ್ಟೆಯು ಊರ ಕೆರೆಗಿಂತ ಕಡೆಯಾಗಿ ಕಾಣುತ್ತದೆ. ವಾಸ್ತವದಲ್ಲಿ ಅದರ ಸಾಮರ್ಥ್ಯ 49.45 ಟಿ.ಎಂ.ಸಿ., ಹೇಮಾವತಿಯದು ಸುಮಾರು 37 ಟಿ.ಎಂ.ಸಿ. ಅಳತೆಯ ಆರಂಭ ಎಲ್ಲಿಂದ ಎಂದು ಕೇಳದೆ ಹೋಲಿಸುವುದು ಇಬ್ಬರಲ್ಲಿ ಒಬ್ಬನನ್ನು ನೆಲದ ಮೇಲೆ, ಇನ್ನೊಬ್ಬನನ್ನು ಅಟ್ಟದ ಮೇಲೆ ನಿಲ್ಲಿಸಿ ಎತ್ತರ ನೋಡಿದಂತೆ. ಇನ್ನೂ ಒಂದು ಸ್ವಾರಸ್ಯವಿದೆ. ಕನ್ನಂಬಾಡಿಯಲ್ಲಿ ನೀರು 100 ಅಡಿಗೆ ಬಂದರೆ ಮಟ್ಟದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು ಭಾಗ ತುಂಬಿತು. ನೀರಿನ ಲೆಕ್ಕದಲ್ಲಿ ಇನ್ನೂ ಅರ್ಧವೂ ತುಂಬಿರುವುದಿಲ್ಲ. ಕಣಿವೆ ಕೆಳಗೆ ಕಿರಿದು, ಮೇಲೆ ವಿಶಾಲ. ಮೇಲಿನ ಒಂದೊಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಯ ನೀರಿಗೆ ಎಷ್ಟೋ ಪಟ್ಟು. ಮಟ್ಟವನ್ನು ಎಕ್ಸ್ ಅಕ್ಷದಲ್ಲೂ ಟಿ.ಎಂ.ಸಿ.ಯನ್ನು ವೈ ಅಕ್ಷದಲ್ಲೂ ಇಟ್ಟು ಒಮ್ಮೆ ಬರೆಸಿ ನೋಡಿ. ಸರಳರೇಖೆಯಲ್ಲದ ಆಲೇಖ ಪುಸ್ತಕದ ಹೊರಗೂ ಇದೆಯೆಂದು ಮಕ್ಕಳಿಗೆ ತಿಳಿಯುತ್ತದೆ.

ಜಲಾಶಯದ ಗೆರೆಗೆ ಸೊನ್ನೆಯನ್ನು ಬಿಟ್ಟದ್ದು ಸರಿಯಾಯಿತು. ಹಾಗೆಂದು ಎಲ್ಲ ಕಡೆಯೂ ಬಿಡಬಹುದೇ? ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ. 2019ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೆ ಪ್ರಥಮ ಬಂದಿತು. ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದ ನಮ್ಮಂಥವರಿಗೂ ಆ ದಿನ ಹಬ್ಬವೇ. ಹಾಸನ ಶೇ. 89.33, ರಾಮನಗರ ಶೇ. 88.49, ಬೆಂಗಳೂರು ಗ್ರಾಮಾಂತರ ಶೇ. 88.34. ಆ ದಿನಗಳಲ್ಲಿ ನನ್ನ ಕೈಗೆ ಬಂದ ಕರಪತ್ರವೊಂದರಲ್ಲಿ ಇದನ್ನು ಸ್ತಂಭನಕ್ಷೆಯಾಗಿ ಮುದ್ರಿಸಿದ್ದರು. ಹಾಸನದ ಕಂಬ ಗೋಪುರದಂತೆ ನಿಂತಿತ್ತು, ಉಳಿದೆರಡು ಅದರ ಕಾಲ ಬಳಿಯ ಕಲ್ಲುಗಳಂತಿದ್ದವು. ಕನ್ನಡಕ ಹಾಕಿಕೊಂಡು ನೋಡಿದೆ. ಅಕ್ಷ ಆರಂಭವಾಗಿದ್ದು 88ರಿಂದ! ಹಾಗಾಗಿ ಮೂರು ಕಂಬಗಳ ಎತ್ತರ ಕ್ರಮವಾಗಿ 1.33, 0.49, 0.34. ನಮ್ಮ ಕಂಬ ಮೂರನೆಯದರ ಸುಮಾರು ನಾಲ್ಕರಷ್ಟು. ಸೊನ್ನೆಯಿಂದ ಆರಂಭಿಸಿ, ಶೇಕಡಾ ಹತ್ತಕ್ಕೆ ಒಂದು ಸೆಂಟಿಮೀಟರಿನಂತೆ ಬರೆದಿದ್ದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ಮಿಲಿಮೀಟರಿನಷ್ಟೂ ಅಂತರ ಬರುತ್ತಿರಲಿಲ್ಲ. ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಅಷ್ಟೂ ಕಾಣದು.

ಎರಡೂ ಕಡೆ ಮಾಡಿದ್ದು ಒಂದೇ ಕೆಲಸ, ಸೊನ್ನೆಯನ್ನು ಬಿಟ್ಟದ್ದು. ಒಂದು ಕಡೆ ಅದು ಸತ್ಯವನ್ನು ತೋರಿಸಿತು, ಇನ್ನೊಂದು ಕಡೆ ಮರೆಸಿತು. ಕಾರಣ ಸರಳ. ರೇಖಾನಕ್ಷೆಯಲ್ಲಿ ನಾವು ಓದುವುದು ಏರಿಳಿತವನ್ನು. ಸ್ತಂಭನಕ್ಷೆಯಲ್ಲಿ ಕಣ್ಣು ಹೋಲಿಸುವುದು ಕಂಬದ ಪೂರ್ತಿ ಎತ್ತರವನ್ನು. ಬುಡ ಕತ್ತರಿಸಿದ ಕಂಬದಲ್ಲಿ ಎತ್ತರಕ್ಕೆ ಅರ್ಥವಿಲ್ಲ. ಈ ವ್ಯತ್ಯಾಸವನ್ನು ನಿಯಮವಾಗಿ ಉರುಹೊಡೆಸಿದರೆ ಪ್ರಯೋಜನವಿಲ್ಲ. ಎರಡೂ ನಕ್ಷೆಗಳನ್ನು ಎದುರಿಗಿಟ್ಟು ಕೇಳಬೇಕು. ಅದೇ 2019ರಲ್ಲಿ ಕೊನೆಯ ಸ್ಥಾನದ ಯಾದಗಿರಿಯದು ಶೇ. 53.95. ಸೊನ್ನೆಯಿಂದ ಎದ್ದ ನಕ್ಷೆಯಲ್ಲಿ ಹಾಸನಕ್ಕೂ ರಾಮನಗರಕ್ಕೂ ವ್ಯತ್ಯಾಸ ಕಾಣದಿದ್ದರೂ ಯಾದಗಿರಿಯ ಕಂಬ ಮೂರೂವರೆ ಸೆಂಟಿಮೀಟರು ಗಿಡ್ಡವಾಗಿ ನಿಲ್ಲುತ್ತಿತ್ತು. ನಾಡು ನೋಡಬೇಕಾಗಿದ್ದ ಅಂತರ ಅದು. ನಮ್ಮ ಸಂಭ್ರಮದ ಕರಪತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ.

(ಇಲ್ಲೊಂದು ಹರಟೆ. ಸ್ತಂಭನಕ್ಷೆಯನ್ನು ವ್ಯಾಪಾರದ ಅಂಕಿಗಳಿಗೆ ಬಳಸಿ 1786ರಲ್ಲಿ ಪ್ರಕಟಿಸಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಉಳಿದ ದೇಶಗಳಿಗೆ ಹಲವು ವರ್ಷಗಳ ಲೆಕ್ಕವಿದ್ದುದರಿಂದ ಗೆರೆ ಎಳೆದ. ಸ್ಕಾಟ್ಲೆಂಡಿಗೆ ಒಂದೇ ವರ್ಷದ ಲೆಕ್ಕ ಸಿಕ್ಕಿದ್ದರಿಂದ ಗತ್ಯಂತರವಿಲ್ಲದೆ ಕಂಬ ನಿಲ್ಲಿಸಿದ. ದತ್ತಾಂಶದ ಕೊರತೆಯಿಂದ ಹುಟ್ಟಿದ ನಕ್ಷೆ ಇಂದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಪೈ ನಕ್ಷೆಯೂ ಅವನದೇ, 1801ರದು.)

ಹಿಸ್ಟೋಗ್ರಾಂ ವಿಷಯಕ್ಕೆ ಬಂದರೆ, ಅಲ್ಲಿ ಮಕ್ಕಳಿಗೆ ಆಗುವ ನಷ್ಟ ಬೇರೆ ಬಗೆಯದು. 10–20, 20–30, 30–40 ಎಂದು ಸಮನಾದ ವರ್ಗಾಂತರಗಳನ್ನು ಕೊಟ್ಟೂ ಕೊಟ್ಟೂ, ಲೋಕವೇ ಹತ್ತುಹತ್ತರ ಕಟ್ಟುಗಳಲ್ಲಿ ಬರುತ್ತದೆ ಎಂಬ ಭ್ರಮೆಯನ್ನು ನಾವು ಹುಟ್ಟಿಸಿದ್ದೇವೆ. ಚನ್ನರಾಯಪಟ್ಟಣದ ಕಡೆ ಪಾಠ ಹೇಳುತ್ತಿದ್ದಾಗ ಮಕ್ಕಳು ತಮ್ಮ ತೋಟದಲ್ಲಿ ಕೊಯ್ಲಿನ ದಿನ ಮರಮರಕ್ಕೂ ಎಣಿಸಿದ ತೆಂಗಿನಕಾಯಿಯ ಲೆಕ್ಕ ತರುತ್ತಿದ್ದರು. ಅದಕ್ಕೆ ವರ್ಗಾಂತರ ಎಷ್ಟಿರಬೇಕೆಂದು ಯಾವ ಪುಸ್ತಕವೂ ಹೇಳದು. ಐದರಂತೆ ಕಟ್ಟಿದರೆ ನಕ್ಷೆ ಬಾಚಣಿಗೆಯಂತೆ, ಐವತ್ತರಂತೆ ಕಟ್ಟಿದರೆ ಎರಡು ಇಟ್ಟಿಗೆಯಂತೆ. ಮರಗಳು ಅವೇ, ಕಾಯಿಗಳು ಅವೇ, ಚಿತ್ರ ಮಾತ್ರ ಬೇರೆ. ಇದು ಒಂದು ಸಲ ಕೈಯಾರೆ ಆದರೆ ಸಾಕು, ಮತ್ತೆ ಹೇಳಬೇಕಾಗಿಲ್ಲ.

ಇನ್ನು ಕೃಷಿ ಗಣತಿ ನಮ್ಮ ರೈತರ ಹಿಡುವಳಿಗಳನ್ನು ವಿಂಗಡಿಸುವ ರೀತಿ ನೋಡಿ. ಒಂದು ಹೆಕ್ಟೇರಿನೊಳಗೆ ಅತಿಸಣ್ಣ, ಒಂದರಿಂದ ಎರಡು ಸಣ್ಣ, ಎರಡರಿಂದ ನಾಲ್ಕು ಅರೆಮಧ್ಯಮ, ನಾಲ್ಕರಿಂದ ಹತ್ತು ಮಧ್ಯಮ, ಹತ್ತರ ಮೇಲೆ ದೊಡ್ಡದು. ವರ್ಗಾಂತರಗಳು ಕ್ರಮವಾಗಿ 1, 1, 2, 6; ಕೊನೆಯದಕ್ಕೆ ಅಂತ್ಯವೇ ಇಲ್ಲ. ಹಿಸ್ಟೋಗ್ರಾಂನಲ್ಲಿ ಆವೃತ್ತಿಯನ್ನು ಹೇಳಬೇಕಾದದ್ದು ಆಯತದ ವಿಸ್ತೀರ್ಣ, ಎತ್ತರವಲ್ಲ. ಇದು ತಿಳಿಯದೆ ಆವೃತ್ತಿಯನ್ನೇ ಎತ್ತರವಾಗಿಟ್ಟು ಬರೆದರೆ, ಅತಿಸಣ್ಣ ಹಿಡುವಳಿಯ ಜೊತೆಗಿಟ್ಟು ನೋಡಿದಾಗ ನಾಲ್ಕರಿಂದ ಹತ್ತು ಹೆಕ್ಟೇರಿನ ಆಯತ ಇರಬೇಕಾದುದಕ್ಕಿಂತ ಆರು ಪಟ್ಟು ಹಿಗ್ಗಿ ಕಾಣುತ್ತದೆ. ಅಂತಹ ಚಿತ್ರ ಕಂಡ ಪಟ್ಟಣದವರು ನಮ್ಮ ಜಿಲ್ಲೆಯ ತುಂಬ ಜಮೀನ್ದಾರರೇ ಇದ್ದಾರೆಂದು ತಿಳಿದರೆ ಆಶ್ಚರ್ಯವಿಲ್ಲ. ಅಸಮ ವರ್ಗಾಂತರದ ಒಂದು ಲೆಕ್ಕ ಒಂಬತ್ತನೆಯ ತರಗತಿಯ ಪುಸ್ತಕದಲ್ಲೂ ಬರುತ್ತದೆ, ನಿಜ. ‘ಇದು ಪರೀಕ್ಷೆಗೆ ಬರುವುದಿಲ್ಲ’ ಎಂದು ಹಾರಿಸಿಬಿಡುವ ಲೆಕ್ಕಗಳ ಪೈಕಿ ಅದು ಮೊದಲನೆಯದು.

ಸರಾಸರಿಯ ಬಗ್ಗೆ ಒಂದೇ ಮಾತು. ಸಕಲೇಶಪುರದ ಮಲೆನಾಡಿನಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿನಷ್ಟು ಮಳೆ, ಚನ್ನರಾಯಪಟ್ಟಣ, ಅರಸೀಕೆರೆಯ ಬಯಲಿನಲ್ಲಿ ಏಳುನೂರರ ಆಸುಪಾಸು. ಎರಡನ್ನೂ ಕೂಡಿಸಿ ಜಿಲ್ಲೆಯ ಸರಾಸರಿ ತೆಗೆದರೆ ಅದು ಕಾಫಿ ಬೆಳೆಯುವವನದೂ ಅಲ್ಲ, ರಾಗಿ ಬೆಳೆಯುವವನದೂ ಅಲ್ಲ. ತಾಲ್ಲೂಕುವಾರು ಕಂಬಗಳನ್ನು ನಿಲ್ಲಿಸಿದ ಒಂದು ನಕ್ಷೆ ಆ ಸರಾಸರಿಗಿಂತ ಎಷ್ಟೋ ಪ್ರಾಮಾಣಿಕ.

ಈಗ ಓಜೀವ್. ನನ್ನ ಅಸಮಾಧಾನ ಹೆಚ್ಚಿರುವುದು ಇಲ್ಲಿಯೇ. ಈ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಖ್ಯಾಶಾಸ್ತ್ರಕ್ಕೆ ತಂದವನು ಫ್ರಾನ್ಸಿಸ್ ಗಾಲ್ಟನ್. ಅದು ಕಟ್ಟಡದ ಶಿಲ್ಪದಿಂದ ಬಂದ ಪದ, ಯೂರೋಪಿನ ಗಾಥಿಕ್ ಚರ್ಚುಗಳ ಚೂಪುತುದಿಯ ಕಮಾನಿಗಿರುವ ಹೆಸರು. ಅಂತಹ ಕಮಾನು ನೋಡಲು ಹಾಸನದ ಮಕ್ಕಳು ಯೂರೋಪಿಗೆ ಹೋಗಬೇಕಾಗಿಲ್ಲ. ಗೊರೂರಿನ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಬೇಸಿಗೆಯಲ್ಲಿ ನಡೆದುಹೋದರೆ ಸಾಕು. ಅಲ್ಲಿನ ಕಮಾನಿನ ಒಂದು ಪಾರ್ಶ್ವದ ಬಾಗನ್ನು ಬೆರಳಿನಿಂದ ಸವರಿದವರಿಗೆ ಸಂಚಿತ ಆವೃತ್ತಿಯ ಗೆರೆ ಏಕೆ ಹಾಗೆ ಏರುತ್ತಾ ಹೋಗಿ ಕೊನೆಯಲ್ಲಿ ಬಾಗುತ್ತದೆ ಎಂಬುದು ನೆನಪಿನಲ್ಲಿ ಉಳಿಯುತ್ತದೆ.

ಆ ಗೆರೆಯ ಒಂದು ಗುಣವನ್ನು 2020 ಮತ್ತು 2021ರಲ್ಲಿ ದೇಶವೇ ನೋಡಿತು. ಕೋವಿಡ್ ದಿನಗಳಲ್ಲಿ ಟಿ.ವಿ.ಯವರು ‘ಒಟ್ಟು ಸೋಂಕಿತರು’ ಎಂಬ ನಕ್ಷೆಯನ್ನು ಹಗಲೂ ರಾತ್ರಿ ತೋರಿಸುತ್ತಿದ್ದರು. ಹೊಳೆನರಸೀಪುರದಲ್ಲಿರುವ ನನ್ನ ಅಕ್ಕ ಒಂದು ರಾತ್ರಿ ಫೋನು ಮಾಡಿ, “ಏನೋ ಇದು, ಗೆರೆ ಮೇಲಕ್ಕೇ ಹೋಗ್ತಾ ಇದೆ, ಒಂದು ದಿನಾನಾದ್ರೂ ಇಳೀಬಾರದೇನೋ” ಎಂದಳು. ದನಿಯಲ್ಲಿ ಅಳುವಿತ್ತು. “ಅಕ್ಕಾ, ಅದು ದೇವಸ್ಥಾನದ ಹುಂಡಿ ಇದ್ದ ಹಾಗೆ. ದಿನಾ ಬಿದ್ದ ಕಾಸು ಸೇರ್ತಾ ಹೋಗತ್ತೆ, ತೆಗೆಯೋರಿಲ್ಲ. ಇವತ್ತು ಒಂದೇ ಕಾಸು ಬಿದ್ರೂ ನಿನ್ನೆಗಿಂತ ಜಾಸ್ತಿನೇ. ಆ ಗೆರೆ ಇಳಿಯೋ ಜಾತಿಯದೇ ಅಲ್ಲ. ಅದು ಮಟ್ಟಸ ಆಗ್ತಾ ಇದೆಯಾ ನೋಡು, ಅಷ್ಟೇ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ದಿನದ ಕಾಸು ಎಷ್ಟು ಅಂತ ಯಾಕೆ ತೋರಿಸೋದಿಲ್ಲ ಇವರು?” ಎಂದು ಕೇಳಿದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಕೇಳಿದ ಈ ಪ್ರಶ್ನೆ, ಸಂಚಿತ ಆವೃತ್ತಿಗೂ ಬರಿಯ ಆವೃತ್ತಿಗೂ ಇರುವ ವ್ಯತ್ಯಾಸ. ಅಕ್ಷರಶಃ ಲಕ್ಷಾಂತರ ಮನೆಗಳಲ್ಲಿ ಅಂದು ಬೇಕಾಗಿದ್ದ ಗಣಿತ ಅದು.

ಆದರೆ ಮುಂದೇನಾಯಿತು? 2022ರಲ್ಲಿ ಎನ್.ಸಿ.ಇ.ಆರ್.ಟಿ.ಯು ಕೋವಿಡ್‌ನಿಂದಾದ ಕಲಿಕೆಯ ನಷ್ಟವನ್ನು ಗಮನದಲ್ಲಿಟ್ಟುಕೊಂಡು ಪಠ್ಯದ ಹೊರೆ ಇಳಿಸಿತು. ಹತ್ತನೆಯ ತರಗತಿಯಿಂದ ತೆಗೆದ ಭಾಗಗಳಲ್ಲಿ ಸಂಚಿತ ಆವೃತ್ತಿಯ ಆಲೇಖ, ಅಂದರೆ ಇದೇ ಓಜೀವ್, ಒಂದು. ಮಧ್ಯಾಂಕದ ಸೂತ್ರ ಉಳಿಯಿತು, ಮಧ್ಯಾಂಕವನ್ನು ಕಣ್ಣಿಗೆ ಕಾಣಿಸುವ ಚಿತ್ರ ಹೋಯಿತು. ಒಂಬತ್ತನೆಯ ತರಗತಿಯಲ್ಲಿ ಆದದ್ದು ಇನ್ನೂ ಸೋಜಿಗ. ಅಲ್ಲಿ ಸ್ತಂಭನಕ್ಷೆ, ಹಿಸ್ಟೋಗ್ರಾಂ, ಆವೃತ್ತಿ ಬಹುಭುಜಗಳನ್ನು ಉಳಿಸಿಕೊಂಡು, ಅವುಗಳ ಹಿಂದಿದ್ದ ದತ್ತಾಂಶ ಸಂಗ್ರಹಣೆ ಮತ್ತು ದತ್ತಾಂಶ ಮಂಡನೆಯ ಭಾಗಗಳನ್ನು ಕೈಬಿಟ್ಟರು. ಅಡುಗೆಯ ಪುಸ್ತಕದಿಂದ ತರಕಾರಿ ತರುವ, ಹೆಚ್ಚುವ ಪುಟಗಳನ್ನು ಹರಿದು ಬಡಿಸುವ ಪುಟವನ್ನು ಮಾತ್ರ ಇಟ್ಟುಕೊಂಡ ಹಾಗಾಯಿತು. ಮಕ್ಕಳ ಹೊರೆ ಇಳಿಯಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೊರೆಯಾಗಿದ್ದುದು ಅಂಕಿ ಸಂಗ್ರಹಿಸುವ ಕೆಲಸವೇ? ನನ್ನ ಅನುಭವದಲ್ಲಿ ಗಣಿತದ ಅವಧಿಯಲ್ಲಿ ಮಕ್ಕಳು ಗಂಟೆ ಹೊಡೆದುದನ್ನು ಮರೆತು ಕುಳಿತಿದ್ದುದು ಡೇರಿಯ ಪುಸ್ತಕ, ತೆಂಗಿನಕಾಯಿ, ಜಲಾಶಯದ ಅಂಕಿ ಇವುಗಳ ಮುಂದೆ.

ಇಂದಿನ ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದಕ್ಕೆ ಏನೆನ್ನುತ್ತಾರೆಂದು ಬಲ್ಲೆ. “ಸಾರ್, ಅರವತ್ತು ಮಕ್ಕಳು, ವಾರಕ್ಕೆ ಇಷ್ಟೇ ಅವಧಿ, ಸಾಲದ್ದಕ್ಕೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಡೇರಿಯ ಪುಸ್ತಕ ಹಿಡಿದು ಎಲ್ಲಿ ಕೂರೋಣ?” ನ್ಯಾಯವಾದ ಮಾತು. ಗ್ರಾಫ್ ಬಿಡಿಸಲು ಈಗ ಮೊಬೈಲೇ ಇದೆಯಲ್ಲ ಎಂದು ಕೇಳುವವರೂ ಇದ್ದಾರೆ. ಇದೆ. ಅಂಕಿ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಕಂಬ, ಗೆರೆ, ಪೈ ಎಲ್ಲವನ್ನೂ ಬಿಡಿಸುತ್ತದೆ; ಅಕ್ಷವನ್ನು 88ರಿಂದ ಬೇಕಾದರೂ ಆರಂಭಿಸುತ್ತದೆ. ಗೆರೆ ಎಳೆಯುವ ಕೈಯ ಕೆಲಸ ಅಗ್ಗವಾಗಿರುವಾಗ ಪರೀಕ್ಷೆ ಆ ಕೆಲಸಕ್ಕೇ ಪೂರ್ತಿ ಅಂಕ ಕೊಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಪರೀಕ್ಷೆಯ ಪ್ರಶ್ನೆ ಬದಲಾದರೆ ಪಾಠ ತಾನಾಗಿ ಬದಲಾಗುತ್ತದೆ. ಈ ವಿಷಯದಲ್ಲಿ ನಮ್ಮ ಮೇಷ್ಟ್ರುಗಳ ಜಾತಿಯನ್ನು ನಾನು ಚೆನ್ನಾಗಿ ಬಲ್ಲೆ.

ಅಂತಹ ಪ್ರಶ್ನೆ ಹೇಗಿರಬಹುದು? ಹೇಮಾವತಿ ಜಲಾಶಯದ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಟ್ಟದ ಗೆರೆಯನ್ನು ಬರೆದೇ ಕೊಡಲಿ. ನೀರು ಅತಿ ವೇಗವಾಗಿ ಏರಿದ ವಾರ ಯಾವುದು ಎಂದು ಕೇಳಲಿ, ಅದಕ್ಕೊಂದು ಅಂಕ. ವೈ ಅಕ್ಷ ಸೊನ್ನೆಯಿಂದ ಏಕೆ ಆರಂಭವಾಗಿಲ್ಲ, ಅದಕ್ಕೊಂದು. ಆ ವಾರ ಹಾಸನ ಪಟ್ಟಣದಲ್ಲಿ ಭಾರಿ ಮಳೆಯಾಯಿತೆಂದು ಈ ಆಲೇಖದಿಂದ ಹೇಳಬಹುದೇ, ಅದಕ್ಕೊಂದು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ. ನೀರು ಬಂದಿರುವುದು ಆ ಕಡೆಯ ಮಳೆಯಿಂದ, ಸಕಲೇಶಪುರದ ಮಳೆಯಿಂದ. ಹಾಸನದಲ್ಲಿ ಅಂದು ಬಿಸಿಲೇ ಇದ್ದಿರಬಹುದು. ಈ ಮೂರನೆಯ ಉತ್ತರವನ್ನು ಮಕ್ಕಳು ನೂರು ಬಗೆಯಾಗಿ ಬರೆದಾರು, ಮಾದರಿ ಉತ್ತರದ ಒಂದು ಸಾಲಿಗೆ ಅದು ಸಿಕ್ಕುವುದಿಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತವರು ಅದನ್ನು ಓದಿ ಅಂಕ ಹಾಕಬೇಕಾಗುತ್ತದೆ. ಒಂದು ಪತ್ರಿಕೆಗೆ ಹೆಚ್ಚೆಂದರೆ ಒಂದು ನಿಮಿಷ.